ಮಡಚುವ ಚಾಕುಗಳ ಸಂಗ್ರಹ: ಮೊದಲನೆಯದನ್ನು ಕೊಳ್ಳುವ ಮುನ್ನ

ಹಳೇ ಮಾದರಿಯ ಜೇಬುಚಾಕು ಅಂದರೆ ಬೀಗ ಇಲ್ಲದ, ಉಗುರಿನಿಂದ ಎಳೆದು ಬಿಚ್ಚುವ ಚಾಕು. ಹಿಡಿಯ ಬೆನ್ನಿನಲ್ಲಿರುವ ಉಕ್ಕಿನ ಪಟ್ಟಿ, ಅಂದರೆ ಸ್ಪ್ರಿಂಗ್, ಅಲಗಿನ ಬುಡವನ್ನು ಒತ್ತಿ ಹಿಡಿಯುತ್ತದೆ. ಬಿಚ್ಚಿದ ಅಲಗು ನಿಲ್ಲುವುದು ಅಷ್ಟರಿಂದಲೇ. ಇದನ್ನು ಸ್ಲಿಪ್‌ಜಾಯಿಂಟ್ ಅನ್ನುತ್ತಾರೆ. ಸಂಗ್ರಾಹಕರು ಹುಡುಕುವ ಚಾಕುಗಳಲ್ಲಿ ಬಹಳಷ್ಟು ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಜೋಲಿಂಗೆನ್, ಫ್ರಾನ್ಸಿನ ತಿಯೆರ್ ಮತ್ತು ಅಮೆರಿಕದ ಕಾರ್ಖಾನೆಗಳಿಂದ ಬಂದವು.

ಹೊಸಬರು ದುಡ್ಡು ಕಳೆದುಕೊಳ್ಳುವುದು ಎರಡು ರೀತಿ. ಕಣ್ಣಿಗೆ ಬಿದ್ದದ್ದನ್ನೆಲ್ಲ ಕೊಳ್ಳುವುದು ಒಂದು, ಕೊಂಡದ್ದನ್ನು ತಿಕ್ಕಿ ಫಳಫಳ ಮಾಡುವುದು ಇನ್ನೊಂದು. ಎರಡನೆಯದು ಹೆಚ್ಚು ದುಬಾರಿ. ಸಾಣೆ ಕಾಣದ ಹಳೇ ಚಾಕನ್ನು ಒಮ್ಮೆ ಹೊಳಪು ಕೊಡುವ ಬಫಿಂಗ್ ಚಕ್ರಕ್ಕೆ ಹಿಡಿದರೆ ಅಲಗಿನ ಬುಡದಲ್ಲಿ ಒತ್ತಿದ ಮುದ್ರೆಯ ಅಕ್ಷರ ಮಸುಕಾಗುತ್ತದೆ, ಅಂಚುಗಳು ದುಂಡಗಾಗುತ್ತವೆ. ಬೆಲೆ ಅಲ್ಲಿಗೇ ಮುಗಿಯಿತು.

ಒಂದು ಎಳೆ ಹಿಡಿಯಿರಿ

ಒಂದು ಕಾರ್ಖಾನೆ, ಒಂದು ಮಾದರಿ ಅಥವಾ ಒಂದು ಕಾಲಾವಧಿ ಆರಿಸಿಕೊಳ್ಳಿ. ಮೊದಲ ಸಂಗ್ರಹಕ್ಕೆ ಕೊನೆ ಎಲ್ಲಿ ಎಂದು ಗೊತ್ತಿರುವುದು ಒಳ್ಳೆಯದು. ಹಾಗೆ ಮುಗಿಸಬಹುದಾದ ಮೂರು ಇಲ್ಲಿವೆ.

ಎಲ್ಲಕ್ಕಿಂತ ಅಗ್ಗದ್ದು ಒಪಿನೆಲ್. ಫ್ರಾನ್ಸಿನ ಸವೊಯ್ ಪ್ರಾಂತ್ಯದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಶುರು ಮಾಡಿದ್ದು. ಅಳತೆಗಳಿಗೆ 1ರಿಂದ 12ರವರೆಗೆ ಸಂಖ್ಯೆ ಇತ್ತು. 1 ಮತ್ತು 11 ನಿಂತುಹೋದವು, ಉಳಿದ 10 ಇವತ್ತಿಗೂ ಬರುತ್ತಿವೆ. 8ನೇ ಸಂಖ್ಯೆಯದರ ಅಲಗು 8.5 ಸೆಂ.ಮೀ. ಅಲಗಿನ ಬುಡದಲ್ಲಿರುವ, ಬೀಗದಂತೆ ಕೆಲಸ ಮಾಡುವ ತಿರುಗುವ ಬಳೆ ಬಂದದ್ದು 1955ರಲ್ಲಿ, ಅದೂ ದೊಡ್ಡ ಅಳತೆಗಳಿಗೆ ಮಾತ್ರ. ಬೀಗ ಇಲ್ಲದ್ದೇ ಬೇಕು ಎಂದು ಹಟ ಹಿಡಿದವರಿಗೆ 2ರಿಂದ 5ರವರೆಗಿನ ಚಿಕ್ಕವು ಇವೆ.

ಎರಡನೆಯದು ಸ್ವಿಸ್ ಸೇನೆಯ 1961ರ ಮಾದರಿಯ ಸೈನಿಕ ಚಾಕು. 93 ಮಿ.ಮೀ. ಉದ್ದ, ಅಲ್ಯುಮಿನಿಯಂ ಹಿಡಿ. ಅಲಗಿನ ಬುಡದಲ್ಲಿ ತಯಾರಾದ ವರ್ಷದ ಕೊನೆಯ ಎರಡು ಅಂಕಿ ಒತ್ತಿರುತ್ತಾರೆ. ಹುಟ್ಟಿದ ವರ್ಷದ್ದನ್ನೇ ಹುಡುಕುವವರು ಬಹಳ, ಹಾಗಾಗಿ ಮಾರುವವರು ಅಂಥ ವರ್ಷಕ್ಕೆ ಕೈಬಿಚ್ಚಿ ಬೆಲೆ ಹೇಳುತ್ತಾರೆ.

ಮೂರನೆಯದು ಪೆನ್ಸಿಲ್ವೇನಿಯದ ಬ್ರಾಡ್‌ಫರ್ಡಿನ ಕೇಸ್ ಕಾರ್ಖಾನೆಯದು. ಮೂರರಲ್ಲಿ ಸಂಖ್ಯೆ, ಗುರುತು ಓದುವ ಸುಖ ಇರುವುದು ಇದರಲ್ಲೇ. 6254 ಎಂಬ ಸಂಖ್ಯೆ ನೋಡಿ. ಮೊದಲ 6 ಅಂದರೆ ಗೀರು ಕೊರೆದ ಮೂಳೆಯ ಹಿಡಿ, 2 ಅಂದರೆ ಎರಡು ಅಲಗು, 54 ಮಾದರಿಯ ಸಂಖ್ಯೆ. ಇದು ಟ್ರ್ಯಾಪರ್ ಎಂಬ ಮಾದರಿ, ಮಡಚಿದಾಗ 4⅛ ಇಂಚು. 6318 ಅಂದರೆ ಮೂರು ಅಲಗಿನ ಸ್ಟಾಕ್‌ಮನ್ ಎಂಬ ಮಾದರಿ, 3⅝ ಇಂಚು. ವರ್ಷ ತಿಳಿಯಲು ಮುದ್ರೆಯ ಕೆಳಗಿನ ಚುಕ್ಕಿ ಎಣಿಸಬೇಕು: 1970ಕ್ಕೆ 10 ಚುಕ್ಕಿ, ಆಮೇಲೆ ವರ್ಷಕ್ಕೊಂದು ಕಮ್ಮಿ, 1979ಕ್ಕೆ ಒಂದೇ. 1980ರಲ್ಲಿ ಮತ್ತೆ ಹತ್ತಕ್ಕೆ ಹೋದಾಗ ಕಾರ್ಖಾನೆಯ ಹೆಸರಿನಲ್ಲಿರುವ ‘ಎಸ್’ ಅಕ್ಷರವನ್ನು ಮಿಂಚಿನ ಆಕಾರಕ್ಕೆ ಬದಲಿಸಿದರು. 1970ರಿಂದ 79ರವರೆಗೆ ಒಂದೇ ಮಾದರಿಯ ಹತ್ತು ಚಾಕು ಸೇರಿದರೆ ಒಂದು ಸೆಟ್ ಪೂರ್ತಿ.

ಶೆಫೀಲ್ಡಿನ ಹಳೇ ಚಾಕುಗಳಿಗೆ ಮೊದಲ ವರ್ಷ ಕೈ ಹಾಕದಿರುವುದೇ ವಾಸಿ. ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆಯ ಮುದ್ರೆಯ ಜೋಸೆಫ್ ರಾಜರ್ಸ್ ಚಾಕುಗಳು ಬ್ರಿಟಿಷರ ಕಾಲದಲ್ಲಿ ಇಲ್ಲಿಗೆ ಬೇಕಾದಷ್ಟು ಬಂದಿವೆ, ಅವುಗಳ ನಕಲೂ ಅಷ್ಟೇ ಇದೆ. ಎರಡು ಗುರುತು ನೆನಪಿರಲಿ. ಕಿರೀಟದ ಜೊತೆ ‘ವಿ.ಆರ್.’ ಇದ್ದರೆ ಅದು ವಿಕ್ಟೋರಿಯಾ ಕಾಲದ, ಅಂದರೆ 1837ರಿಂದ 1901ರ ನಡುವಿನ ಗುರುತು. ‘ಇಂಗ್ಲೆಂಡ್’ ಎಂದು ಒತ್ತಿದ್ದರೆ ಸಾಮಾನ್ಯವಾಗಿ 1891ರ ನಂತರದ್ದು, ಯಾಕೆಂದರೆ ಅಮೆರಿಕಕ್ಕೆ ಹೋಗುವ ಸರಕಿನ ಮೇಲೆ ದೇಶದ ಹೆಸರು ಇರಲೇಬೇಕೆಂಬ ಕಾನೂನು ಆಗ ಬಂತು.

ಕಾನೂನು, ಅದರಲ್ಲೂ ಹಿಡಿಯ ಕಾನೂನು

2016ರ ಶಸ್ತ್ರಾಸ್ತ್ರ ನಿಯಮಗಳು ಆಯುಧವೆಂದು ಗಣಿಸುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಅಲಗನ್ನು. ಮನೆ, ಕೃಷಿ, ಕೈಗಾರಿಕೆಯ ಬಳಕೆಯವಕ್ಕೆ ವಿನಾಯಿತಿ ಇದೆ. ಜೇಬುಚಾಕಿನ ಅಲಗು ಸಾಮಾನ್ಯವಾಗಿ 2ರಿಂದ 4 ಇಂಚು, ಆ ಲೆಕ್ಕದಲ್ಲಿ ತೊಂದರೆಯಿಲ್ಲ. ಹಳೇ ರಾಂಪುರಿ, ಅಂದರೆ ಉದ್ದ ಅಲಗಿನ ಮಡಚುವ ಚಾಕು, ಸಿಕ್ಕರೆ ಮಾತ್ರ ಮೊದಲು ಅಳತೆಪಟ್ಟಿ ಹಿಡಿಯಿರಿ. ಗುಂಡಿ ಒತ್ತಿದರೆ ಸಿಡಿದು ಬಿಚ್ಚುವ ಚಾಕುಗಳ ತಂಟೆಗೆ ಹೋಗಬೇಡಿ. ವಿಮಾನದಲ್ಲಿ ಯಾವುದೇ ಚಾಕು ಕೈಚೀಲದಲ್ಲಿ ಇರಕೂಡದು, ಚೆಕ್-ಇನ್ ಸಾಮಾನಿನಲ್ಲಿ ಹಾಕಿ.

ಹೆಚ್ಚಿನವರು ಎಡವುವುದು ಅಲಗಿನಲ್ಲಲ್ಲ, ಹಿಡಿಯಲ್ಲಿ. ಒಳ್ಳೆಯ ಹಳೇ ಚಾಕುಗಳಿಗೆ ಹಾಕುತ್ತಿದ್ದ ಜಿಂಕೆ ಕೊಂಬಿನ ಹಿಡಿ ಎಷ್ಟೋ ಸಲ ಭಾರತದಿಂದ ಹೋದ ಕಡವೆಯ ಕೊಂಬು. ಇವತ್ತು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಡವೆ ಕೊಂಬು, ಆನೆದಂತ ಎರಡೂ ಕೈಗೆ ಬೆಂಕಿಯಿದ್ದಂತೆ. ಕೇಸ್‌ನ ಸಂಖ್ಯೆ 5ರಿಂದ ಶುರುವಾದರೆ ಕೊಂಬಿನ ಹಿಡಿ ಎಂದರ್ಥ. ಎಷ್ಟೇ ಚೆನ್ನಾಗಿದ್ದರೂ ಬಿಡಿ. ದನದ ಮೂಳೆ, ಮರ, ಲೋಹ ಸಾಕು.

ಕೈಗೆ ಬಂದಾಗ ಏನು ನೋಡಬೇಕು

ಮೊದಲು ಕಿವಿ. ಎಡಗೈಯಲ್ಲಿ ಹಿಡಿದು, ಅಲಗಿನ ಮೇಲಿರುವ ಗೀರಿಗೆ ಬಲಗೈ ಹೆಬ್ಬೆರಳಿನ ಉಗುರು ಸಿಕ್ಕಿಸಿ ನಿಧಾನಕ್ಕೆ ಎಳೆಯಿರಿ. ಶುರುವಿನಲ್ಲಿ ಬಿಗಿ, ನಡುವೆ ಸಲೀಸು, ಕೊನೆಯಲ್ಲಿ ಸ್ಪ್ರಿಂಗ್ ತಾನೇ ಎಳೆದುಕೊಂಡು ‘ಟಕ್’ ಎಂದು ಕೂರಬೇಕು. ಮುಚ್ಚುವಾಗಲೂ ಅಷ್ಟೇ ಗಟ್ಟಿ ಸದ್ದು ಬರಬೇಕು. ಸದ್ದಿಲ್ಲದೆ ಜಾರಿ ಕೂತರೆ ಸ್ಪ್ರಿಂಗ್ ಸೋತಿದೆ, ಇಲ್ಲವೇ ಸಂದಿಯಲ್ಲಿ ಜಿಡ್ಡು ಕಟ್ಟಿದೆ. ಜಿಡ್ಡಾದರೆ ಎಣ್ಣೆಗೆ ಬಿಡುತ್ತದೆ. ಸೋತ ಸ್ಪ್ರಿಂಗಿಗೆ ಮದ್ದಿಲ್ಲ.

ಆಮೇಲೆ ಅಲ್ಲಾಟ. ಬಿಚ್ಚಿದ ಅಲಗನ್ನು ಎರಡು ಬೆರಳಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಒತ್ತಿ. ಕೂದಲೆಳೆಯಷ್ಟು ಸಹಜ, ‘ಟಿಕ್ ಟಿಕ್’ ಎಂದರೆ ತಿರುಗಣೆಯ ಪಿನ್ ಸವೆದಿದೆ. ಮೇಲೆ ಕೆಳಗೆ ಆಡಿದರೆ ಇನ್ನೂ ಕೆಟ್ಟದು. ಈಗ ಚಾಕನ್ನು ಬೆಳಕಿಗೆ ಹಿಡಿಯಿರಿ. ಸ್ಪ್ರಿಂಗಿಗೂ ಪಕ್ಕದ ಹಿತ್ತಾಳೆ ತಗಡಿಗೂ ನಡುವೆ ಬೆಳಕು ಕಾಣಬಾರದು. ಬಿಚ್ಚಿದಾಗಲೂ ಮುಚ್ಚಿದಾಗಲೂ ಸ್ಪ್ರಿಂಗ್ ಹಿಡಿಯ ಬೆನ್ನಿಗೆ ಸಮ ಇರಬೇಕು. ಬೆರಳಾಡಿಸಿದರೆ ಏಣು ತಟ್ಟಬಾರದು.

ಅಲಗು ಎಷ್ಟು ಸವೆದಿದೆ ಎಂದು ಗೊತ್ತಾಗಲು ಅದೇ ಮಾದರಿಯ ಹೊಸ ಚಾಕಿನ ಚಿತ್ರ ಪಕ್ಕದಲ್ಲಿಟ್ಟುಕೊಳ್ಳಿ. ಬುಡದ ಹತ್ತಿರ ಬಾಯಿ, ಅಂದರೆ ಹರಿತದ ಅಂಚು, ಒಳಕ್ಕೆ ಬಾಗಿದ್ದರೆ ವರ್ಷಾನುಗಟ್ಟಲೆ ಮಸೆದಿದ್ದಾರೆ. ಮುಚ್ಚಿದಾಗ ಮೊನೆ ಹಿಡಿಯಿಂದ ಹೊರಗೆ ಇಣುಕಬಾರದು. ಮೊನೆ ಮುರಿದ ಅಲಗನ್ನು ಮತ್ತೆ ಉಜ್ಜಿದಾಗ ಹೀಗೆ ಇಣುಕುತ್ತದೆ. ಅದನ್ನು ಮರೆಮಾಚಲು ಬುಡದ ಕೆಳಗಿನ ಚಿಕ್ಕ ಉಬ್ಬನ್ನು ಅರದಿಂದ ರಾವಿ ಅಲಗನ್ನು ಒಳಗಿಳಿಸುತ್ತಾರೆ. ಆಗ ಬಾಯಿ ಸ್ಪ್ರಿಂಗಿಗೆ ಬಡಿದು ನಡುವೆ ಸಣ್ಣ ತಗ್ಗು ಬೀಳುತ್ತದೆ. ಆ ತಗ್ಗು ಕಂಡರೆ ಉಳಿದ ಕಥೆ ತಾನೇ ತಿಳಿಯುತ್ತದೆ.

ಮೂಳೆಯ ಹಿಡಿಯನ್ನು 10 ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿ. ನಿಜವಾದ ಮೂಳೆಯಲ್ಲಿ ಸಣ್ಣ ರಂಧ್ರ, ಕಪ್ಪು ಚುಕ್ಕಿ ಇರುತ್ತವೆ, ಪ್ಲಾಸ್ಟಿಕ್ ನುಣ್ಣಗೆ ಒಂದೇ ಸಮ. ಕಾದ ಸೂಜಿ ಚುಚ್ಚಿ ನೋಡುವ ಹಳೇ ಉಪಾಯ ಬೇಡ. ಹಿಡಿ ಸೆಲ್ಯುಲಾಯ್ಡ್ ಎಂಬ ಹಳೇ ಕಾಲದ ಪ್ಲಾಸ್ಟಿಕ್ ಆಗಿದ್ದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಪಿನ್ನಿನ ಸುತ್ತ ಬಿರುಕಿದೆಯೇ ಎಂದೂ ನೋಡಿ, ಮೂಳೆ ಕುಗ್ಗಿದಾಗ ಸೀಳುವುದು ಅಲ್ಲಿಂದಲೇ.

ಮೋಸದ ಚಾಕುಗಳಲ್ಲಿ ಬಹಳಷ್ಟನ್ನು ನಕಲಿ ಎನ್ನುವುದಕ್ಕಿಂತ ಜೋಡಿಸಿದ್ದು ಎನ್ನುವುದೇ ಸರಿ. ಒಂದು ಒಳ್ಳೆ ಹಿಡಿಗೆ ಇನ್ನೊಂದು ಚಾಕಿನ ಅಲಗು ಕೂರಿಸಿ ಮಾರುತ್ತಾರೆ. ಅಲಗಿಗೆ ನೂರು ವರ್ಷದ ಕಪ್ಪಿದ್ದು ಪಿನ್ನಿನ ತಲೆ ಮಾತ್ರ ಹೊಸದಾಗಿ ಬಡಿದಂತೆ ಮಿನುಗಿದರೆ ಅನುಮಾನ ಪಡಿ. ಎರಡೂ ಅಲಗಿನ ಬಣ್ಣ, ಸವೆತ ಹೊಂದಬೇಕು. ಒಳಗಿನ ತಗಡಿನ ಕೊಳೆಗೂ ಹೊರಗಿನ ವಯಸ್ಸಿಗೂ ತಾಳೆಯಾಗಬೇಕು. ಲಾಗಿಯೋಲ್ ಎಂಬ ಫ್ರೆಂಚ್ ಚಾಕಿನ ಹೆಸರನ್ನು ಯಾವ ದೇಶದ ಯಾರು ಬೇಕಾದರೂ ಒತ್ತಿಕೊಂಡು ಬಂದಿದ್ದಾರೆ, ಹಾಗಾಗಿ ಹೆಸರೊಂದನ್ನೇ ನಂಬಿ ದುಡ್ಡು ಕೊಡಬೇಡಿ.

ಆನ್‌ಲೈನಿನಲ್ಲಿ ಕೊಳ್ಳುವಾಗ ನಾಲ್ಕು ಫೋಟೊ ಕೇಳಿ: ಅಲಗಿನ ಬುಡದ ಎರಡೂ ಬದಿ, ಮಡಚಿದಾಗ ಮೇಲಿನಿಂದ, ಬೆಳಕಿಗೆ ಅಡ್ಡ ಹಿಡಿದದ್ದು. ಕೊಡಲು ಹಿಂಜರಿದರೆ ಮುಂದಕ್ಕೆ ಹೋಗಿ.

ಶುಚಿ ಮಾಡುವುದು, ಎಲ್ಲಿ ನಿಲ್ಲಿಸುವುದು

ಬೇಕಾದದ್ದು: ಮೆತ್ತನೆ ಹಲ್ಲುಜ್ಜುವ ಬ್ರಷ್, ಹಲ್ಲುಕಡ್ಡಿ, ಹಳೇ ಹತ್ತಿಬಟ್ಟೆ, ಹೊಲಿಗೆ ಮಿಷನ್ ಎಣ್ಣೆ. ಕೊಬ್ಬರಿ ಎಣ್ಣೆ ಬೇಡ. ಅದು ಚಳಿಯಲ್ಲಿ ಗಟ್ಟಿಯಾಗುತ್ತದೆ, ದಿನ ಕಳೆದಂತೆ ಕಮಟಿ ಅಂಟಾಗುತ್ತದೆ.

ಅಲಗು ಬಿಚ್ಚಿ, ಒಳಗಿನ ಕಾಲುವೆಯ ಕಸವನ್ನು ಹಲ್ಲುಕಡ್ಡಿಯಿಂದ ಎತ್ತಿ. ತಿರುಗಣೆಯ ಸಂದಿಗೆ ಒಂದೇ ಹನಿ ಎಣ್ಣೆ ಬಿಟ್ಟು ಹತ್ತು ಸಲ ಬಿಚ್ಚಿ ಮುಚ್ಚಿ. ಸಂದಿಯಿಂದ ಕಾಡಿಗೆಯಂಥ ಎಣ್ಣೆ ಒಸರುತ್ತದೆ. ಒರೆಸಿ ಮತ್ತೊಂದು ಹನಿ ಬಿಡಿ. ಬಟ್ಟೆಗೆ ಕಪ್ಪು ಹತ್ತದಷ್ಟಾಗುವವರೆಗೆ, ಅಂದರೆ ನಾಲ್ಕೈದು ಸಲ ಹೀಗೆ ಮಾಡಬೇಕಾಗುತ್ತದೆ. ಮುಚ್ಚುವಾಗ ಬಾಯಿಯ ದಾರಿಯಲ್ಲಿ ಬೆರಳಿರದಂತೆ ಅಂಗೈಯಿಂದ ಒತ್ತಿ. ಎಣ್ಣೆ ಕುಡಿದ ಚಾಕು ಮೊದಲಿಗಿಂತ ಜೋರಾಗಿ ಕಚ್ಚುತ್ತದೆ.

ಕೆಂಪು ತುಕ್ಕು ಬೆಳೆಯುತ್ತದೆ, ಅದನ್ನು ತೆಗೆಯಲೇಬೇಕು. ಎಣ್ಣೆ ಹಚ್ಚಿ ಅರ್ಧ ದಿನ ಬಿಟ್ಟು ಹಿತ್ತಾಳೆ ತುಂಡಿನ ಅಂಚಿನಿಂದ ಕೆರೆಯಿರಿ. ಹಿತ್ತಾಳೆ ಉಕ್ಕಿಗಿಂತ ಮೆದು, ಗೀರು ಬೀಳುವುದಿಲ್ಲ. ಬೂದು, ನೀಲಿ, ಕಪ್ಪು ಬಣ್ಣ ತುಕ್ಕಲ್ಲ. ಕಾರ್ಬನ್ ಉಕ್ಕು ಮಾವು, ನಿಂಬೆ, ಈರುಳ್ಳಿ ಕಂಡು ಪಡೆದ ಬಣ್ಣ ಅದು, ಕೆಂಪು ತುಕ್ಕನ್ನು ಅಷ್ಟಿಷ್ಟು ತಡೆಯುತ್ತದೆ ಕೂಡ. ಅಲ್ಲಿ ಕೈ ನಿಲ್ಲಿಸಿ. ನೀರಲ್ಲಿ ನೆನೆಸುವುದು, ನಿಂಬೆರಸ, ಹುಣಸೆಹಣ್ಣು, ಪಾತ್ರೆ ಉಜ್ಜುವ ಪುಡಿ ಯಾವುದೂ ಬೇಡ.

ಮಳೆಗಾಲ

ಕರಾವಳಿ, ಮಲೆನಾಡಿನಲ್ಲಿ ಜೂನ್ ಬಂದರೆ ಹದಿನೈದು ದಿನಕ್ಕೊಮ್ಮೆಯಾದರೂ ತೆಗೆದು ನೋಡಬೇಕು. ಚರ್ಮದ ಚೀಲದಲ್ಲಿ ಇಡಬೇಡಿ. ಹದ ಮಾಡಿದ ಚರ್ಮ ತೇವ ಹೀರುತ್ತದೆ, ಅದರೊಳಗಿನ ಆಮ್ಲ, ಉಪ್ಪು ಲೋಹವನ್ನು ತಿನ್ನುತ್ತವೆ. ಎಣ್ಣೆ ಸವರಿದ ಚಾಕನ್ನು ಹತ್ತಿಬಟ್ಟೆಯಲ್ಲಿ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ನೀಲಿ ಮಣಿ ಗುಲಾಬಿಗೆ ತಿರುಗಿದರೆ ಬದಲಿಸಿ. ಬೇಸಿಗೆಯಲ್ಲಿ ಪೊಟ್ಟಣ ತೆಗೆಯಿರಿ, ಅತಿ ಒಣಗಿದರೆ ಮೂಳೆ ಸೀಳುತ್ತದೆ.

ಒಪಿನೆಲ್‌ಗೆ ಇಲ್ಲಿ ಬೇರೆಯೇ ಕಾಟ. ಬೀಚ್ ಮರದ ಹಿಡಿ ತೇವಕ್ಕೆ ಉಬ್ಬಿ ಅಲಗನ್ನು ಕಚ್ಚಿ ಹಿಡಿಯುತ್ತದೆ. ಇಕ್ಕಳ ಹಾಕಬೇಡಿ. ಬಳೆಯನ್ನು ಬಿಚ್ಚುವ ಕಡೆಗೆ ತಿರುಗಿಸಿ, ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ಕುಟ್ಟಿ. ಮೊನೆಯ ಕಡೆ ಉಗುರು ಹಾಕುವಷ್ಟು ಹೊರಗೆ ಬರುತ್ತದೆ. ಸವೊಯ್‌ನವರು ಮಾಡುವುದೂ ಇದನ್ನೇ. ಆಮೇಲೆ ಒಂದು ವಾರ ಒಣ ಜಾಗದಲ್ಲಿಟ್ಟು ಒಳಗಿನ ಸೀಳಿಗೆ ಅಗಸೆ ಎಣ್ಣೆ ಸವರಿ.

ಸೆಲ್ಯುಲಾಯ್ಡ್ ಹಿಡಿಯ ಚಾಕನ್ನು ಮಾತ್ರ ಈ ಡಬ್ಬಿಗೆ ಸೇರಿಸಬೇಡಿ. ಹಳತಾದಂತೆ ಅದು ಬಿಡುವ ಆಮ್ಲದ ಆವಿ ಪಕ್ಕದ ಚಾಕುಗಳನ್ನೂ ತುಕ್ಕು ಹಿಡಿಸುತ್ತದೆ. ಗಾಳಿಯಾಡುವ, ಬಿಸಿಲು ಬೀಳದ ಕಡೆ ಬೇರೆ ಇಡಿ. ಹಿಡಿಯ ಪಕ್ಕದ ಲೋಹಕ್ಕೆ ದಿಢೀರನೆ ಹಸಿರು ಬಂದರೆ, ಕರ್ಪೂರದ ಜೊತೆ ಹುಳಿ ವಾಸನೆ ಬಂದರೆ ಅದು ಕೊಳೆಯತೊಡಗಿದೆ ಎಂದರ್ಥ.

ಒಂದು ನೋಟ್‌ಬುಕ್ ಇಟ್ಟು ಪ್ರತಿ ಚಾಕಿಗೂ ಒಂದು ಪುಟ ಕೊಡಿ: ಕ್ರಮಸಂಖ್ಯೆ, ಎಲ್ಲ ಅಲಗುಗಳ ಮುದ್ರೆ ಕಂಡಂತೆ, ಮಡಚಿದಾಗಿನ ಉದ್ದ ಮಿ.ಮೀ.ನಲ್ಲಿ, ಹಿಡಿಯ ವಸ್ತು, ಕೊಂಡ ದಿನ, ಬೆಲೆ, ಇರುವ ಐಬು. ಸಂಖ್ಯೆಯನ್ನು ಚಾಕಿನ ಮೇಲೆ ಅಂಟಿಸಬೇಡಿ, ಗೋಂದು ಮೂಳೆಗೆ ಕಲೆ ಬಿಡುತ್ತದೆ. ರಟ್ಟಿನ ಚೂರಿಗೆ ದಾರ ಪೋಣಿಸಿ, ಸುತ್ತಿದ ಬಟ್ಟೆಗೆ ಕಟ್ಟಿ.