ಹೊಸ ಕಬಡ್ಡಿ ತೀರ್ಪುಗಾರರನ್ನು ತಯಾರು ಮಾಡುವುದು ಹೇಗೆ?

ಗದ್ದೆ ಕೊಯ್ಲು ಮುಗಿದರೆ ಸಾಕು, ಕಾರವಾರದಿಂದ ಭಟ್ಕಳದವರೆಗೆ ಊರೂರಲ್ಲಿ ಹೊನಲು ಬೆಳಕಿನ ಕಬಡ್ಡಿ ಶುರುವಾಗುತ್ತದೆ. ತಂಡಗಳಿಗೆ ಬರವಿಲ್ಲ. ಸೀಟಿ ಹಿಡಿಯುವವರೇ ಕಡಿಮೆ. ಹೊಸಬರು ಆಸೆಯಿಂದ ಬರುತ್ತಾರೆ, ಒಂದೆರಡು ರಾತ್ರಿ ಬೈಗುಳ ತಿಂದು ಬಿಟ್ಟು ಹೋಗುತ್ತಾರೆ. ಅವರನ್ನು ಉಳಿಸಿಕೊಳ್ಳುವ ಹೊಣೆ ಹಿರಿಯ ತೀರ್ಪುಗಾರರದ್ದೇ.

ಮೊದಲ ದಿನವೇ ಸೀಟಿ ಕೊಡಬೇಡಿ. ಸಹಾಯಕ ಸ್ಕೋರರ್ ಆಗಿ ಕೂರಿಸಿ. ಇದನ್ನು ಸಣ್ಣ ಕೆಲಸ ಅಂದುಕೊಳ್ಳುವವರು ಜಾಸ್ತಿ, ಆದರೆ ಆಟದ ಲೆಕ್ಕ ತಲೆಗೆ ಹತ್ತುವುದು ಅಲ್ಲೇ. ಔಟಾದವರು ಔಟಾದ ಕ್ರಮದಲ್ಲೇ ಕೂರಬೇಕು, ಮೊದಲು ಔಟಾದವರೇ ಮೊದಲು ಒಳಗೆ ಹೋಗಬೇಕು. ಬೋನಸ್ ಗೆರೆ ದಾಟಿದ್ದಕ್ಕೆ ಬೋನಸ್ ಅಂಕ ಬಂದರೆ ಔಟಾದ ಯಾರೂ ಒಳಗೆ ಬರುವಂತಿಲ್ಲ. ಲೋನಾ ಆದರೆ, ಅಂದರೆ ಎದುರು ತಂಡ ಪೂರ್ತಿ ಔಟಾದರೆ, 2 ಅಂಕ ಹೆಚ್ಚಿಗೆ. ಕೆಲವು ಪಂದ್ಯ ಹೀಗೆ ಕೂತರೆ ಇದೆಲ್ಲ ತಾನಾಗಿ ಬಾಯಿಗೆ ಬರುತ್ತದೆ.

ಆಮೇಲೆ ಹಗಲು ಹೊತ್ತಿನಲ್ಲಿ ಖಾಲಿ ಅಂಗಳಕ್ಕೆ ಕರೆದುಕೊಂಡು ಹೋಗಿ. ಟೇಪ್ ಅವರ ಕೈಗೇ ಕೊಟ್ಟು ಗೆರೆ ಹಾಕಿಸಿ. ಗಂಡಸರ ಅಂಗಳ 13 ಮೀಟರ್ ಉದ್ದ, 10 ಮೀಟರ್ ಅಗಲ. ನಡುಗೆರೆಯಿಂದ ಬಾಕ್ ಗೆರೆಗೆ (ರೈಡಿಗೆ ಹೋದವರು ದಾಟಲೇಬೇಕಾದ ಗೆರೆ) 3.75 ಮೀಟರ್, ಅಲ್ಲಿಂದ ಬೋನಸ್ ಗೆರೆಗೆ 1 ಮೀಟರ್. ಊರಿನ ಹುಡುಗರಿಂದ ನಿಧಾನಕ್ಕೆ ರೈಡ್ ಮಾಡಿಸಿ, ಹೊಸಬರು ಕಾಲನ್ನೇ ನೋಡಲಿ. ಒಂದು ಕಾಲು ಬೋನಸ್ ಗೆರೆ ದಾಟಿ ಊರಿದಾಗ ಇನ್ನೊಂದು ನೆಲ ಬಿಟ್ಟಿತ್ತಾ? ಎದುರಿಗೆ ಕನಿಷ್ಠ 6 ಜನ ಇದ್ದರಾ? ಜಗಳ ಹುಟ್ಟುವುದು ಹೆಚ್ಚಾಗಿ ಇಲ್ಲೇ, ಅಲ್ವಾ? ಅಂಗಳದ ಎರಡೂ ಬದಿಯ ಪಟ್ಟಿ, ಅಂದರೆ ಲಾಬಿಯದ್ದೂ ಅಷ್ಟೇ. ಮುಟ್ಟುವ ಮೊದಲೇ ಲಾಬಿಗೆ ಕಾಲಿಟ್ಟವರು ಔಟ್, ಹಿಡಿದಾಟ ಶುರುವಾದ ಮೇಲೆ ಲಾಬಿಯೂ ಅಂಗಳವೇ. ಸುಮ್ನೆ ಪುಸ್ತಕ ಓದಿಸಿದರೆ ಇದು ಕಣ್ಣಿಗೆ ಕೂರುವುದಿಲ್ಲ. ಮತ್ತೆ ಮತ್ತೆ ಮಾಡಿಸಬೇಕು.

ಮುಂದಿನದು ಶಾಲಾ ಪಂದ್ಯದಲ್ಲಿ ಅಂಪೈರ್ ಕೆಲಸ. ನೀವು ರೆಫ್ರಿಯಾಗಿ ಜೊತೆಗಿರಿ. ಯಾರ ಕಣ್ಣು ಎಲ್ಲಿರಬೇಕು ಎಂದು ಮುಂಚೆಯೇ ಮಾತಾಡಿಕೊಳ್ಳಿ.

ದೊಡ್ಡ ಪಂದ್ಯಕ್ಕೆ ಇಳಿಸಿದಾಗ ಅವರ ಸ್ವಂತ ಊರಿನ ತಂಡದ ಆಟ ಕೊಡಬೇಡಿ. ಎಷ್ಟು ನೆಟ್ಟಗೆ ತೀರ್ಪು ಕೊಟ್ಟರೂ ಒಂದು ಕಡೆಯವರು ನಂಬುವುದಿಲ್ಲ. ನಾಯಕನೊಬ್ಬನೇ ಬಂದು ಕೇಳಬಹುದು, ಉಳಿದವರು ಸುತ್ತುಗಟ್ಟಿದರೆ ನೀವು ಹೋಗಿ ಪಕ್ಕದಲ್ಲಿ ನಿಲ್ಲಿ. ತಪ್ಪು ತೀರ್ಪು ಬಂತು ಎನಿಸಿದರೂ ಜನರ ಎದುರು ಗದರಬೇಡಿ. ಹಾಗೆ ಗದರಿಸಿಕೊಂಡವರ ಮಾತನ್ನು ಆ ರಾತ್ರಿ ಯಾವ ಆಟಗಾರನೂ ಕೇಳುವುದಿಲ್ಲ. ನನಗೆ ಕೇಳಿದರೆ, ಹೊಸಬರು ಬಿಟ್ಟು ಹೋಗುವುದು ಜನರ ಬೈಗುಳಕ್ಕಿಂತ ಹಿರಿಯರ ಈ ಗದರಿಕೆಗೇ ಹೆಚ್ಚು.

ಪಂದ್ಯ ಮುಗಿದ ಮೇಲೆ ಚಹಾ ಕುಡಿಯುತ್ತ ಮೊದಲು ಅವರನ್ನೇ ಕೇಳಿ: 'ಆ ರೈಡಿನಲ್ಲಿ ನಿನಗೆ ಏನು ಕಂಡಿತು?' ಉತ್ತರ ಪೂರ್ತಿ ಕೇಳಿ. ಆಮೇಲೆ ತಿದ್ದಬೇಕಾದದ್ದು ಎರಡೇ ಮಾತು ಹೇಳಿ. ಹತ್ತು ಹೇಳಿದರೆ ಒಂದೂ ನಿಲ್ಲುವುದಿಲ್ಲ.

ಇನ್ನು ಸಂಘಟಕರ ಹತ್ತಿರ ಮೊದಲೇ ಮಾತಾಡಬೇಕಾದ ವಿಷಯವಿದೆ. ಫೈನಲ್ ಮುಗಿಯುವಾಗ ಎಷ್ಟೋ ಕಡೆ ಕೊನೆಯ ಬಸ್ಸು ಹೋಗಿರುತ್ತದೆ. ಹೊಸಬರಿಗೂ ಊಟ, ಗೌರವಧನ, ಮನೆ ಮುಟ್ಟಿಸುವ ಗಾಡಿ ಇರಬೇಕು. ಹೆಣ್ಣುಮಕ್ಕಳು ತೀರ್ಪುಗಾರರಾಗಿ ಬರಬೇಕೆಂದರೆ ಗಾಡಿಯ ಏರ್ಪಾಡು ಪಂದ್ಯಕ್ಕೆ ಒಪ್ಪಿಕೊಳ್ಳುವಾಗಲೇ ಆಗಬೇಕು.