ಕೆಟಲ್ ಎಲ್ಲಿಂದ ಸೋರುತ್ತಿದೆ ಅಂತ ನಾನು ಕಂಡುಹಿಡಿದದ್ದು ಹೀಗೆ

ನಮ್ಮ ಎಲೆಕ್ಟ್ರಿಕ್ ಕೆಟಲ್ ಎತ್ತಿದಾಗೆಲ್ಲ ಕೆಳಗಿನ ಸ್ಟ್ಯಾಂಡ್ ಒದ್ದೆಯಾಗಿರುತ್ತಿತ್ತು. ತುಂಬಾ ಏನಲ್ಲ, ಚಮಚದಷ್ಟು ನೀರು. ಆದರೆ ಆ ಸ್ಟ್ಯಾಂಡಿನ ನಡುವಿನ ಕನೆಕ್ಟರ್‌ಗೆ ಬರುವುದು ನೇರ ಮೇನ್ ಕರೆಂಟ್, ಅಲ್ವಾ. ಹಾಗಾಗಿ ಕಾರಣ ಗೊತ್ತಾಗುವವರೆಗೂ ಬಳಸುವುದು ಬೇಡ ಅಂತ ಪ್ಲಗ್ ಕಿತ್ತಿಟ್ಟೆ.

ನೀರು ಕಂಡ ಕೂಡಲೇ ತಳ ಹೋಯ್ತು ಅಂದುಕೊಳ್ಳಬೇಕಿಲ್ಲ. ಎಷ್ಟೋ ಸಲ ಅದು ಸೋರಿಕೆಯೇ ಅಲ್ಲ. ನೀರು ಕುದಿದಾಗ ಹಬೆ ಒಂದು ಸಣ್ಣ ದಾರಿಯಲ್ಲಿ ಸ್ವಿಚ್ ಹತ್ತಿರ ಹೋಗುತ್ತದೆ. ಅಲ್ಲಿ ಎರಡು ಲೋಹ ಬೆಸೆದ ಒಂದು ತಗಡು ಇರುತ್ತದೆ, ಅದು ಬಿಸಿಗೆ ಬಾಗಿ ಸ್ವಿಚ್ ಆಫ್ ಮಾಡುತ್ತದೆ. ಅದೇ ಹಬೆ ತಣಿದು ನೀರಾಗಿ ಕೆಲವು ಕೆಟಲ್‌ಗಳಲ್ಲಿ ತಳದಿಂದ ಹನಿಯುತ್ತದೆ. ಮ್ಯಾಕ್ಸ್ ಗೆರೆ ದಾಟಿ ತುಂಬಿಸಿದರಂತೂ ಕುದಿಯುವ ನೀರೇ ಆ ದಾರಿ ಹಿಡಿಯಬಹುದು.

ಅದಕ್ಕೇ ತಣ್ಣೀರಲ್ಲಿ ಪರೀಕ್ಷೆ ಮಾಡಿದೆ. ಕುದಿಸದಿದ್ದರೂ ಸೋರಿದರೆ ಹಬೆಯ ಮಾತೇ ಇಲ್ಲ. ಹೊರಗೆಲ್ಲ ಒರೆಸಿ, ಸ್ಟ್ಯಾಂಡಿನಿಂದ ದೂರ, ಒಣ ಟಿಶ್ಯೂ ಪೇಪರ್ ಮೇಲೆ ಕೆಟಲ್ ಇಟ್ಟು, ನೀರಿನ ಮಟ್ಟ ತೋರಿಸುವ ಪ್ಲಾಸ್ಟಿಕ್ ಕಿಟಕಿಯ ಕೆಳ ಅಂಚಿಗೂ ತಾಗದಷ್ಟು ನೀರು ಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಪೇಪರ್ ಒಣಗೇ ಇತ್ತು. ಅಂದರೆ ತಳ, ಹೀಟರ್ ಪ್ಲೇಟಿನ ಸುತ್ತಲಿನ ಸೀಲ್ ಎರಡೂ ಸರಿ ಇವೆ. ಆಮೇಲೆ ಕಿಟಕಿಯ ಅರ್ಧದವರೆಗೆ ತುಂಬಿಸಿದೆ. ಈ ಸಲ ಹಿಡಿ ಇರುವ ಬದಿಯಲ್ಲಿ ಪೇಪರ್ ಒದ್ದೆಯಾಯಿತು.

ಟಾರ್ಚ್ ಹಿಡಿದು ನೋಡಿದರೆ ಕಿಟಕಿಯ ಕೆಳಮೂಲೆಯಿಂದ ಹಿಡಿಯ ಸಂದಿಗೆ ಕೂದಲೆಳೆಯಷ್ಟು ಸಣ್ಣ ಬಿಳಿ ಗೆರೆ ಇಳಿದಿತ್ತು. ಗಡಸು ನೀರು ಸೋರಿ ಒಣಗಿದಲ್ಲಿ ಹೀಗೆ ಸುಣ್ಣ ಉಳಿಯುತ್ತದೆ, ಉಗುರಲ್ಲಿ ಕೆರೆದರೆ ಪುಡಿ ಬರುತ್ತದೆ. ಒಳಗಿನ ಸುಣ್ಣವನ್ನು ಸಿಟ್ರಿಕ್ ಆಸಿಡ್ ಹಾಕಿ ತೆಗೆದ ಮೇಲೆ ಸೋರುವುದು ಜಾಸ್ತಿಯೇ ಆಯಿತು. ಇಷ್ಟು ದಿನ ಆ ಸಂದಿಯನ್ನು ಸ್ವಲ್ಪವಾದರೂ ಮುಚ್ಚಿಟ್ಟಿದ್ದು ಸುಣ್ಣವೇ.

ಅಂಟು ಹಾಕಿ ಮುಚ್ಚಬಹುದಲ್ಲ ಅಂತ ಎಲ್ಲರೂ ಹೇಳಿದರು. ನಾನು ಹಾಕಲಿಲ್ಲ. ಒಳಗೆ ಹಚ್ಚಿದ ಅಂಟು ನಾವು ಕುಡಿಯುವ ಕುದಿನೀರಲ್ಲಿ ನೆನೆಯುತ್ತದೆ. ದಿನಾ ಬಿಸಿಯಾಗಿ ತಣಿಯುವಾಗ ಸ್ಟೀಲು ಒಂದು ಥರ, ಪ್ಲಾಸ್ಟಿಕ್ ಇನ್ನೊಂದು ಥರ ಹಿಗ್ಗಿ ಕುಗ್ಗುವುದರಿಂದ ಅಂಟು ಬಿಟ್ಟುಕೊಳ್ಳುತ್ತದೆ. ಅದು ಬಿಟ್ಟ ದಿನ ನೀರು ಇಳಿಯುವುದು ಹಿಡಿಯೊಳಗಿನ ಸ್ವಿಚ್ಚಿಗೆ. ಹಳೇ ಥರದ, ಒಳಗೆ ಕಾಯಿಲ್ ಕಾಣುವ ಕೆಟಲ್ ಆಗಿದ್ದರೆ ರಬ್ಬರ್ ವಾಷರ್ ಬದಲಾಯಿಸಿ ನೋಡುತ್ತಿದ್ದೆ. ನಮ್ಮದರಲ್ಲಿ ಕಿಟಕಿಯನ್ನು ಒತ್ತಿ ಕೂರಿಸಿಬಿಟ್ಟಿದ್ದಾರೆ, ಬಿಚ್ಚೋಕೆ ಒಂದು ಸ್ಕ್ರೂ ಕೂಡ ಇಲ್ಲ.

ಕೊನೆಗೆ ಕಿಟಕಿಯೇ ಇಲ್ಲದ, ಒಳಗೆಲ್ಲ ಒಂದೇ ಸ್ಟೀಲಿನ, ಅಳತೆ ಗೆರೆ ಒಳಗೋಡೆಯ ಮೇಲೇ ಇರುವ ಕೆಟಲ್ ತಂದೆ. ನೀರೆಷ್ಟಿದೆ ಅಂತ ನೋಡಲು ಪ್ರತಿ ಸಲ ಮುಚ್ಚಳ ತೆಗೆಯಬೇಕು, ಅದಕ್ಕೇನೂ ಬೇಸರವಿಲ್ಲ. ಹಳೆಯದನ್ನು ಬೇರೆ ಯಾರೂ ಗೊತ್ತಿಲ್ಲದೆ ಪ್ಲಗ್ಗಿಗೆ ಹಾಕದಿರಲಿ ಅಂತ ಸ್ಟ್ಯಾಂಡಿನ ವೈರ್ ಕತ್ತರಿಸಿ ಇ-ತ್ಯಾಜ್ಯಕ್ಕೆ ಕೊಟ್ಟೆ.