ಅಪ್ಪನ ಹಳೇ ಪಾಸ್‌ಬುಕ್ಕಿನ ದುಡ್ಡು ಕೈಗೆ ಬಂದಿದ್ದು ಹೀಗೆ

ಅಪ್ಪ ತೀರಿಕೊಂಡು ಮೂರು ವರ್ಷ ಆದಮೇಲೆ ಟ್ರಂಕಿನ ತಳದಲ್ಲಿ ಒಂದು ಪಾಸ್‌ಬುಕ್ ಸಿಕ್ಕಿತು. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಕೊನೆಯ ಎಂಟ್ರಿ 2004ರದ್ದು, ನೀಲಿ ಇಂಕಿನಲ್ಲಿ ಕೈಬರಹ. ಬ್ಯಾಲೆನ್ಸ್ 21,640 ರೂಪಾಯಿ. "ಇಷ್ಟು ವರ್ಷ ಆಯ್ತು, ಇನ್ನೆಲ್ಲಿ ಸಿಗುತ್ತೆ ಬಿಡು" ಅಂದರು ಅಮ್ಮ.

ಸಿಗುತ್ತದೆ. ಹತ್ತು ವರ್ಷ ಯಾರೂ ಮುಟ್ಟದ ಖಾತೆಯ ಹಣವನ್ನು ಬ್ಯಾಂಕು ಆರ್‌ಬಿಐನ ಡಿಇಎ (ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ) ನಿಧಿಗೆ ಕಳಿಸುತ್ತದೆ. 2014ರಿಂದ ಈ ವ್ಯವಸ್ಥೆ ಇದೆ. ಅಲ್ಲಿಗೆ ಹೋದ ಮೇಲೂ ಹಣ ನಮ್ಮದೇ, ಯಾವಾಗ ಬೇಕಾದರೂ ಕೇಳಬಹುದು.

ಮೊದಲ ತೊಡಕು, ಪಾಸ್‌ಬುಕ್ಕಿನ ಮೇಲಿದ್ದ ಬ್ಯಾಂಕೇ ಈಗ ಇಲ್ಲ. ನಮ್ಮ ಕಡೆ ಇದು ಜಾಸ್ತಿ. ಮೈಸೂರು ಬ್ಯಾಂಕು 2017ರಲ್ಲಿ ಎಸ್‌ಬಿಐಗೆ ಸೇರಿತು, ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ. 2020ರಲ್ಲಿ ಸಿಂಡಿಕೇಟ್ ಕೆನರಾಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. ಹುಡುಕುವಾಗ ಹೊಸ ಬ್ಯಾಂಕಿನ ಹೆಸರನ್ನೇ ಆರಿಸಬೇಕು.

ಹುಡುಕಿದ್ದು ಉದ್ಗಮ್ ಪೋರ್ಟಲ್‌ನಲ್ಲಿ, ಅಂದರೆ ಯಾರೂ ಕೇಳದೆ ಉಳಿದ ಬ್ಯಾಂಕ್ ಹಣ ಹುಡುಕುವ ವೆಬ್‌ಸೈಟಿನಲ್ಲಿ. ಆರ್‌ಬಿಐ 2023ರ ಆಗಸ್ಟ್‌ನಲ್ಲಿ ಶುರು ಮಾಡಿದ್ದು, ಪೂರ್ತಿ ಉಚಿತ. ಮೊಬೈಲ್ ನಂಬರ್ ಕೊಟ್ಟು ನೋಂದಾಯಿಸಿಕೊಂಡೆ. ಖಾತೆದಾರರ ಹೆಸರು, ಬ್ಯಾಂಕು, ಜೊತೆಗೆ ಪ್ಯಾನ್, ವೋಟರ್ ಐಡಿ ಅಥವಾ ಹುಟ್ಟಿದ ತಾರೀಖಿನಂಥ ಒಂದು ಗುರುತು ಹಾಕಬೇಕು. ಅಪ್ಪ ಪ್ಯಾನ್ ಮಾಡಿಸಿದ್ದು ಖಾತೆ ತೆರೆದ ಎಷ್ಟೋ ವರ್ಷದ ಮೇಲೆ. ಹಾಗಾಗಿ ಹುಟ್ಟಿದ ತಾರೀಖು ಹಾಕಿದೆ.

ಏನೂ ಬರಲಿಲ್ಲ. ಎರಡು ದಿನ ಬಿಟ್ಟು ಪಾಸ್‌ಬುಕ್ಕನ್ನು ಸರಿಯಾಗಿ ನೋಡಿದೆ. ಅಪ್ಪನ ಹೆಸರು 'ಪ್ಪ' ಅಂತ ಮುಗಿಯುತ್ತದೆ. ಆಧಾರ್‌ನಲ್ಲಿ ಎರಡು ಪಿ, ಇಲ್ಲಿ ಒಂದೇ ಪಿ! ಇನಿಷಿಯಲ್ ಕೂಡ ಇಲ್ಲಿ ಹೆಸರಿನ ಹಿಂದೆ ಇತ್ತು. ಹಾಗೇ ಟೈಪ್ ಮಾಡಿದ ಕೂಡಲೇ ಸಿಕ್ಕಿತು. ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ ಅಲ್ವಾ, ಎಲ್ಲಾ ಥರವೂ ಹಾಕಿ ನೋಡಿ. ಪೋರ್ಟಲ್‌ನಲ್ಲಿ ಖಾತೆ ನಂಬರ್ ತೋರಿಸುವುದಿಲ್ಲ. ಆ ಹಣವನ್ನು ಗುರುತಿಸಲು ಯುಡಿಆರ್‌ಎನ್ ಅಂತ ಒಂದು ನಂಬರ್ ಬರುತ್ತದೆ. ಅದನ್ನು ಬರೆದುಕೊಂಡೆ.

ಬ್ರಾಂಚಿನಲ್ಲಿ ಕೌಂಟರಿನವರು, "ಸರ್, ಇದು ಆರ್‌ಬಿಐಗೆ ಹೋಗಿದೆ, ನಮ್ಮ ಕೈಲಿ ಇಲ್ಲ" ಅಂದರು. ಹಾಗಲ್ಲ. ಅರ್ಜಿ ಕೊಡಬೇಕಾದದ್ದು ಬ್ಯಾಂಕಿಗೇ. ಬ್ಯಾಂಕು ನಮಗೆ ಕೊಟ್ಟು, ಆಮೇಲೆ ನಿಧಿಯಿಂದ ವಾಪಸ್ ಪಡೆಯುತ್ತದೆ. ಇದನ್ನೇ ಮ್ಯಾನೇಜರ್ ಹತ್ತಿರ ಹೇಳಿದೆ. ಅವರು ಕೂರಿಸಿ ಫಾರಂ ಕೊಟ್ಟರು.

ನಿಜವಾದ ಓಡಾಟ ಶುರುವಾದದ್ದು ಅಲ್ಲಿಂದ. ಅಪ್ಪ ನಾಮಿನಿ ಹಾಕಿರಲಿಲ್ಲ. ಮರಣ ಪ್ರಮಾಣಪತ್ರ ಇತ್ತು. ನಾಡಕಚೇರಿಯಿಂದ ವಂಶವೃಕ್ಷ ತಂದೆ. ಆಧಾರ್‌ನಲ್ಲೂ ಪಾಸ್‌ಬುಕ್ಕಿನಲ್ಲೂ ಇದ್ದ ಎರಡು ಹೆಸರೂ ಒಬ್ಬರದೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿದೆ. ಅಮ್ಮನ ಖಾತೆಗೆ ಹಣ ಹೋಗಲಿ ಅಂತ ನಾನೂ ತಂಗಿಯೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಿತ್ತು. ಅದಕ್ಕಾಗಿ ತಂಗಿ ಒಂದು ದಿನ ರಜೆ ಹಾಕಿ ಬಂದಳು. ಕೊಟ್ಟ ಪ್ರತಿ ಕಾಗದದ ಜೆರಾಕ್ಸಿಗೂ ಸೀಲು, ತಾರೀಖು ಹಾಕಿಸಿಕೊಂಡೆ. ಇದೊಂದನ್ನು ದಯವಿಟ್ಟು ತಪ್ಪಿಸಬೇಡಿ. ಮುಂದಿನ ಸಲ ಹೋದಾಗ ಮ್ಯಾನೇಜರ್ ಬದಲಾಗಿದ್ದರು. ಆ ಸೀಲೇ ನಮ್ಮ ಪರವಾಗಿ ಮಾತಾಡಿತು.

ನಡುವೆ ಒಬ್ಬರು, ಶೇ. 20 ಕೊಟ್ಟರೆ ತಾವೇ ಬಿಡಿಸಿಕೊಡುತ್ತೇವೆ ಅಂದರು. ಬೇಡ ಅಂದೆ. ಸಹಿ, ದಾಖಲೆ ಎಲ್ಲಾ ನಮ್ಮದೇ, ಸುಮ್ನೆ ಯಾಕೆ ಕೊಡಬೇಕು?

ಎರಡೂವರೆ ತಿಂಗಳಿಗೆ ಹಣ ಬಂತು, ಬಡ್ಡಿ ಸೇರಿಸಿ. ಮೆಸೇಜನ್ನು ಅಮ್ಮನಿಗೆ ಓದಿ ಹೇಳಿದೆ. ಅವರು ಪಾಸ್‌ಬುಕ್ಕಿನಲ್ಲಿದ್ದ ಅಪ್ಪನ ಸಹಿಯನ್ನು ತುಂಬಾ ಹೊತ್ತು ನೋಡುತ್ತಾ ಕೂತಿದ್ದರು. ಆ ವಾರವೇ ಅಮ್ಮನ ಎರಡೂ ಖಾತೆಗೆ ನಾಮಿನಿ ಹಾಕಿಸಿದೆ.